ರತ್ನಗಂಬಳಿ ಮತ್ತು ಗಟ್ಟಿ ನೆಲಹಾಸು

ನೆಲಹಾಸು ಎಂದರೆ ಮನೆಯ ನೆಲದ ಮೇಲ್ಭಾಗದಲ್ಲಿ ಕಾಲಿಗೆ ನೇರವಾಗಿ ತಾಗುವಂತೆ ಹಾಸಿದ ಪದರ. ವಾಸದ ಮನೆಗಳಲ್ಲಿ ಬಳಕೆಯಲ್ಲಿರುವ ನೆಲಹಾಸುಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಉಣ್ಣೆ, ಹತ್ತಿ, ರೇಷ್ಮೆ ಅಥವಾ ಕೃತಕ ಎಳೆಗಳಿಂದ ಮಾಡಿದ ಮೆತ್ತನೆಯ ಹಾಸು ಮೊದಲನೆಯ ವರ್ಗ. ರತ್ನಗಂಬಳಿ ಅಥವಾ ಕಾರ್ಪೆಟ್ ಇದರ ಮುಖ್ಯ ಪ್ರತಿನಿಧಿ. ಕಲ್ಲು, ಗಾರೆ, ಸುಟ್ಟ ಮಣ್ಣಿನ ಬಿಲ್ಲೆ, ಮರ, ಲಿನೋಲಿಯಂ, ವಿನೈಲ್ ಮೊದಲಾದವುಗಳಿಂದಾದ ಗಟ್ಟಿ ನೆಲಹಾಸು ಎರಡನೆಯ ವರ್ಗ. ಒಂದು ಮನೆಗೆ ಇವುಗಳಲ್ಲಿ ಯಾವುದು ಯೋಗ್ಯ ಎಂಬ ಪ್ರಶ್ನೆಗೆ ಎಲ್ಲ ನಾಡುಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಹವಾಮಾನ, ಮನೆ ಕಟ್ಟುವ ಕ್ರಮ, ಅಡುಗೆ ಮತ್ತು ಊಟದ ಪದ್ಧತಿ, ಮನೆಯಲ್ಲಿರುವವರ ವಯಸ್ಸು ಹಾಗೂ ಆರೋಗ್ಯ ಇವೆಲ್ಲವೂ ಉತ್ತರವನ್ನು ಬದಲಿಸುತ್ತವೆ. ನೆಲಹಾಸಿನ ಆಯ್ಕೆಯು ಅಲಂಕಾರದ ವಿಷಯವೆಂದು ತೋರಿದರೂ ವೃದ್ಧರ ಬೀಳುವಿಕೆ, ಉಬ್ಬಸದಂತಹ ಕಾಯಿಲೆ, ನೆರೆಹೊರೆಯವರ ನೆಮ್ಮದಿ ಹಾಗೂ ಆ ಹಾಸನ್ನು ತಯಾರಿಸುವ ಕಾರ್ಮಿಕರ ಬದುಕು ಇದರೊಡನೆ ಹೆಣೆದುಕೊಂಡಿವೆ.

ವಿಧಗಳು

ಮೆತ್ತನೆಯ ಹಾಸುಗಳಲ್ಲಿ ಎರಡು ಕ್ರಮಗಳಿವೆ. ಎತ್ತಿ ಮಡಿಸಿಡಬಹುದಾದ ಬಿಡಿ ಹಾಸು ಒಂದು. ಗೋಡೆಯಿಂದ ಗೋಡೆಯವರೆಗೆ ನೆಲಕ್ಕೆ ಅಂಟಿಸಿ ಅಥವಾ ಮೊಳೆಪಟ್ಟಿಗಳಿಗೆ ಬಿಗಿದು ಕೂರಿಸುವ ಕಾಯಂ ಹಾಸು ಇನ್ನೊಂದು. ಚಾಪೆ, ಜಮಖಾನ, ಕಂಬಳಿ, ಕೈಯಿಂದ ಗಂಟುಹಾಕಿ ನೇಯ್ದ ರತ್ನಗಂಬಳಿಗಳು ಮೊದಲ ಕ್ರಮಕ್ಕೆ ಸೇರುತ್ತವೆ. ಇಂಗ್ಲೆಂಡ್ ಮತ್ತು ಅಮೆರಿಕದ ಮನೆಗಳಲ್ಲಿ ಕಾರ್ಪೆಟ್ ಎಂದರೆ ಸಾಮಾನ್ಯವಾಗಿ ಎರಡನೆಯ ಕ್ರಮವೇ ಆಗಿದೆ. ಈ ವ್ಯತ್ಯಾಸ ಮುಖ್ಯವಾದುದು. ಬಿಡಿ ಹಾಸನ್ನು ಬಿಸಿಲಿಗೆ ಹಾಕಬಹುದು, ಕೊಡವಬಹುದು, ತೊಳೆಯಬಹುದು. ಕಾಯಂ ಹಾಸನ್ನು ಇದ್ದಲ್ಲಿಯೇ ಸ್ವಚ್ಛಗೊಳಿಸಬೇಕಾಗುತ್ತದೆ.

ಗಟ್ಟಿ ನೆಲಹಾಸುಗಳಲ್ಲಿ ಗ್ರಾನೈಟ್, ಅಮೃತಶಿಲೆ, ಸುಣ್ಣಕಲ್ಲಿನ ಚಪ್ಪಡಿ ಮುಂತಾದ ನೈಸರ್ಗಿಕ ಶಿಲೆಗಳು, ಸಿಮೆಂಟಿನಿಂದ ಮಾಡಿದ ಗಾರೆ ಮತ್ತು ಮೊಸಾಯಿಕ್ ನೆಲಗಳು, ಸುಟ್ಟು ತಯಾರಿಸಿದ ಸೆರಾಮಿಕ್ ಹಾಗೂ ವಿಟ್ರಿಫೈಡ್ ಟೈಲುಗಳು, ಮರದ ಹಲಗೆಗಳು, ಮರದ ನೋಟವನ್ನು ಅನುಕರಿಸುವ ಲ್ಯಾಮಿನೇಟ್ ಹಲಗೆಗಳು ಪ್ರಮುಖವಾದವು. ವಿಟ್ರಿಫೈಡ್ ಟೈಲುಗಳು ತೀರ ಹೆಚ್ಚಿನ ಉಷ್ಣತೆಯಲ್ಲಿ ಬೆಂದು ಗಾಜಿನಂತಾದವು. ಅವು ತಮ್ಮ ತೂಕದ 0.5%ಗಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಲಿನೋಲಿಯಂ ಮತ್ತು ವಿನೈಲ್ ಹಾಳೆಗಳು ತುಸು ಬಾಗುವ ಗುಣವುಳ್ಳವಾದರೂ ಒರೆಸಿ ಶುಚಿಗೊಳಿಸಬಹುದಾದ್ದರಿಂದ ಗಟ್ಟಿ ನೆಲಗಳ ಜೊತೆಗೇ ಪರಿಗಣಿತವಾಗುತ್ತವೆ.

ಇತಿಹಾಸ

ಈವರೆಗೆ ದೊರೆತಿರುವ ಅತ್ಯಂತ ಹಳೆಯ ಗಂಟಿನ ರತ್ನಗಂಬಳಿಗಳಲ್ಲಿ ಪ್ರಸಿದ್ಧವಾದುದು ಪಜಿರಿಕ್ ರತ್ನಗಂಬಳಿ. ರಷ್ಯಾದ ಪುರಾತತ್ತ್ವಜ್ಞ ಸೆರ್ಗೆಯ್ ರುಡೆಂಕೊ 1949ರಲ್ಲಿ ಅಲ್ತಾಯ್ ಪರ್ವತ ಪ್ರದೇಶದ ಸಮಾಧಿಯೊಂದರಲ್ಲಿ ಇದನ್ನು ಪತ್ತೆಹಚ್ಚಿದರು. ಸಮಾಧಿಯೊಳಗೆ ನೀರು ನುಗ್ಗಿ ಮಂಜುಗಡ್ಡೆಯಾಗಿ ನಿಂತದ್ದರಿಂದ ಸುಮಾರು ಎರಡು ಸಾವಿರದ ನಾನೂರು ವರ್ಷಗಳಷ್ಟು ಹಿಂದಿನ ಉಣ್ಣೆಯ ಹಾಸು ಕೊಳೆಯದೆ ಉಳಿದುಕೊಂಡಿತು. ಅದು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲಿದೆ. ಚಳಿನಾಡಿನ ಅಲೆಮಾರಿ ಕುರಿಗಾಹಿಗಳಿಗೆ ಉಣ್ಣೆಯ ಹಾಸು ನೆಲವೂ ಹೌದು, ಹಾಸಿಗೆಯೂ ಹೌದು, ಗುಡಾರದ ಗೋಡೆಯೂ ಹೌದು. ಈ ಅಗತ್ಯದಿಂದ ಹುಟ್ಟಿದ ಕಸುಬು ಪರ್ಷಿಯಾದಲ್ಲಿ ಅರಮನೆಯ ಕಲೆಯಾಗಿ ಬೆಳೆಯಿತು.

ಭಾರತದಲ್ಲಿ ಮೊಗಲ್ ಚಕ್ರವರ್ತಿ ಅಕ್ಬರನ ಆಳ್ವಿಕೆಯಲ್ಲಿ ಆಗ್ರಾ, ಫತೇಪುರ ಸಿಕ್ರಿ ಮತ್ತು ಲಾಹೋರ್‌ಗಳಲ್ಲಿ ರತ್ನಗಂಬಳಿಯ ಕಾರ್ಖಾನೆಗಳು ಏಳಿಗೆಗೆ ಬಂದವು. ಕಾಶ್ಮೀರ ಹಾಗೂ ಉತ್ತರ ಪ್ರದೇಶದ ಭದೋಹಿ–ಮಿರ್ಜಾಪುರ ಪ್ರದೇಶಗಳು ಇಂದಿಗೂ ಕೈನೇಯ್ಗೆಯ ರತ್ನಗಂಬಳಿಗಳಿಗೆ ಹೆಸರಾಗಿವೆ. ಆದರೆ ಅಲ್ಲಿ ತಯಾರಾಗುವ ಹಾಸುಗಳಲ್ಲಿ ಬಹುಪಾಲು ಹೊರದೇಶಗಳಿಗೆ ರಫ್ತಾಗುತ್ತವೆ ಎಂಬುದು ಗಮನಾರ್ಹ. ಭಾರತೀಯರು ರತ್ನಗಂಬಳಿಯನ್ನು ನೇಯ್ದಷ್ಟು ತಮ್ಮ ಮನೆಗಳಲ್ಲಿ ಹಾಸಿಕೊಂಡಿಲ್ಲ.

ಯೂರೋಪಿನಲ್ಲಿ ರತ್ನಗಂಬಳಿ ಬಹುಕಾಲ ಸಿರಿವಂತರ ಸೊತ್ತಾಗಿತ್ತು. 1755ರಲ್ಲಿ ಥಾಮಸ್ ವಿಟ್ಟಿ ಎಂಬಾತ ಇಂಗ್ಲೆಂಡಿನ ಆಕ್ಸ್‌ಮಿನ್‌ಸ್ಟರ್ ಪಟ್ಟಣದಲ್ಲಿ ನೇಯ್ಗೆ ಆರಂಭಿಸಿದ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಎರಾಸ್ಟಸ್ ಬಿಗೆಲೊ ರೂಪಿಸಿದ ಯಂತ್ರಮಗ್ಗಗಳು ಮಧ್ಯಮ ವರ್ಗದ ಕೈಗೂ ಹಾಸನ್ನು ತಲುಪಿಸಿದವು. ಇದೇ ಹೊತ್ತಿಗೆ ಗಟ್ಟಿ ನೆಲಗಳ ಪಾಳೆಯದಲ್ಲಿಯೂ ಒಂದು ಹೊಸತನ ಕಾಣಿಸಿತು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1863ರಲ್ಲಿ ಲಿನೋಲಿಯಂಗೆ ಪೇಟೆಂಟ್ ಪಡೆದ. ಅಗಸೆ ಎಣ್ಣೆಯನ್ನು ಗಾಳಿಗೊಡ್ಡಿ ಗಟ್ಟಿಯಾಗಿಸಿ, ಬೆಂಡಿನ ಪುಡಿ ಮುಂತಾದವನ್ನು ಬೆರೆಸಿ ಬಟ್ಟೆಯ ಮೇಲೆ ಹರಡಿದ ಈ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಾಗುತ್ತಿತ್ತು. ರೋಗಾಣುಗಳ ಅರಿವು ಹರಡುತ್ತಿದ್ದ ಆ ಕಾಲದಲ್ಲಿ ಆಸ್ಪತ್ರೆ ಮತ್ತು ಅಡುಗೆಮನೆಗಳಿಗೆ ಅದು ಅಚ್ಚುಮೆಚ್ಚಾಯಿತು.

ರತ್ನಗಂಬಳಿಯ ದೊಡ್ಡ ಕೊರತೆಯೆಂದರೆ ಧೂಳು. ವರ್ಷಕ್ಕೊಮ್ಮೆ ಹಾಸನ್ನು ಹೊರಗೆ ತಂದು ಕೋಲಿನಿಂದ ಬಡಿಯುವುದೇ ಆಗಿನ ಉಪಾಯ. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲಿಷ್ ಎಂಜಿನಿಯರ್ ಧೂಳನ್ನು ಹೀರುವ ಯಂತ್ರವನ್ನು ತಯಾರಿಸಿದ. ಕುದುರೆಗಳು ಎಳೆದು ತರುತ್ತಿದ್ದ ಆ ಭಾರಿ ಯಂತ್ರವನ್ನು ಮನೆಯ ಹೊರಗೆ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಒಳಗೆ ಬಿಡಲಾಗುತ್ತಿತ್ತು. ಕಾಲಕ್ರಮದಲ್ಲಿ ಇದರ ಸಣ್ಣ ರೂಪವಾದ ವ್ಯಾಕ್ಯೂಮ್ ಕ್ಲೀನರ್ ಮನೆಮನೆಗೂ ಬಂದಿತು. ಈ ಯಂತ್ರವಿಲ್ಲದೆ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಜನಸಾಮಾನ್ಯರ ಮನೆಯಲ್ಲಿ ಉಳಿಯುವುದು ಸಾಧ್ಯವಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ನಗರ ಈ ಉದ್ಯಮದ ಕೇಂದ್ರವಾಯಿತು. ಅಲ್ಲಿಯ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ 1895ರಲ್ಲಿ ಕೈಯಿಂದ ಎಳೆಗಳ ಕುಚ್ಚು ಕಟ್ಟಿ ಒಂದು ಮಂಚದ ಹೊದಿಕೆಯನ್ನು ಸಿದ್ಧಪಡಿಸಿದ್ದಳು. ಆ ಕುಚ್ಚಿನ ಕೆಲಸ ಮೊದಲು ಗೃಹೋದ್ಯಮವಾಗಿ, ಬಳಿಕ ಯಂತ್ರೋದ್ಯಮವಾಗಿ ಬೆಳೆಯಿತು. ನೂರಾರು ಸೂಜಿಗಳು ಏಕಕಾಲಕ್ಕೆ ತಳಬಟ್ಟೆಗೆ ಎಳೆಗಳನ್ನು ಚುಚ್ಚುವ ಈ ವಿಧಾನ ನೇಯ್ಗೆಗಿಂತ ಬಹಳ ವೇಗವಾದುದು. ಉಣ್ಣೆಯ ಬದಲು ನೈಲಾನ್ ಬಳಕೆಗೆ ಬಂದುದರಿಂದ ಬೆಲೆ ಇನ್ನಷ್ಟು ಇಳಿಯಿತು. ಹೀಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸಾಮಾನ್ಯ ಮನೆಗಳ ಕೋಣೆಗಳೆಲ್ಲ ಕಾರ್ಪೆಟ್ಟಿನಿಂದ ಮುಚ್ಚಿಹೋದವು. ಆ ಶತಮಾನದ ಕೊನೆಯ ವೇಳೆಗೆ ಒಲವು ಮತ್ತೆ ತಿರುಗಿತು. ಮರ, ಲ್ಯಾಮಿನೇಟ್ ಮತ್ತು ಟೈಲುಗಳು ಕಾರ್ಪೆಟ್ಟಿನ ಸ್ಥಾನವನ್ನು ಹಂತಹಂತವಾಗಿ ಆಕ್ರಮಿಸತೊಡಗಿದವು.

ಕರ್ನಾಟಕದ ಮನೆಗಳ ನೆಲ

ಕರ್ನಾಟಕದ ಹಳ್ಳಿಯ ಮನೆಗಳಲ್ಲಿ ಬಹುಕಾಲದಿಂದ ಇದ್ದುದು ಮಣ್ಣಿನ ನೆಲ. ಮಣ್ಣನ್ನು ಹದಮಾಡಿ, ಬಡಿದು ಗಟ್ಟಿಗೊಳಿಸಿ, ಸಗಣಿಯಿಂದ ಸಾರಿಸುವ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಹಬ್ಬಹುಣ್ಣಿಮೆಗಳಲ್ಲಿ ನೆಲ ಸಾರಿಸಿ ರಂಗೋಲಿ ಇಡುವುದು ವಾಡಿಕೆ. ಅನುಕೂಲವಂತರ ಮನೆಗಳಲ್ಲಿ ಆಯಾ ಪ್ರದೇಶದ ಕಲ್ಲು ಬಳಕೆಯಾಯಿತು. ಕಲಬುರಗಿ ಜಿಲ್ಲೆಯ ಶಹಾಬಾದ್ ಸುತ್ತಮುತ್ತ ದೊರೆಯುವ ಸುಣ್ಣಕಲ್ಲು ತಾನಾಗಿಯೇ ಚಪ್ಪಡಿಗಳಾಗಿ ಬಿಡಿಸಿಕೊಳ್ಳುವ ಗುಣವುಳ್ಳದ್ದರಿಂದ ಉತ್ತರ ಕರ್ನಾಟಕದ ಮನೆ, ಶಾಲೆ, ಛತ್ರಗಳ ನೆಲವೆಲ್ಲ ಅದರಿಂದಲೇ ಆಯಿತು. ದಕ್ಷಿಣದಲ್ಲಿ ಸಾದರಹಳ್ಳಿಯ ಬೂದುಬಣ್ಣದ ಗ್ರಾನೈಟ್ ಚಪ್ಪಡಿಗಳೂ ಆಂಧ್ರದಿಂದ ಬರುವ ಕಡಪ ಕಲ್ಲೂ ಬಳಕೆಗೆ ಬಂದವು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟ್ ದೇಶದ ಹೊರಗೂ ಹೆಸರು ಮಾಡಿದೆ. ಕರಾವಳಿಯಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಮಾಡಿನ ಹೆಂಚುಗಳ ಜೊತೆಗೆ ನೆಲಕ್ಕೆ ಹಾಸುವ ಸುಟ್ಟ ಮಣ್ಣಿನ ಬಿಲ್ಲೆಗಳೂ ತಯಾರಾದವು.

ಸಿಮೆಂಟ್ ಸುಲಭವಾಗಿ ಸಿಗತೊಡಗಿದ ಮೇಲೆ ಕೆಂಪು ಗಾರೆ ನೆಲ, ಅಂದರೆ ರೆಡ್ ಆಕ್ಸೈಡ್ ನೆಲ, ಬೆಂಗಳೂರು, ಮೈಸೂರು, ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಜನಪ್ರಿಯವಾಯಿತು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಬೆರೆಸಿ, ಕಾಂಕ್ರೀಟಿನ ತಳದ ಮೇಲೆ ತೆಳುವಾಗಿ ಹರಡಿ, ಕರಣೆಯಿಂದ ಮತ್ತೆ ಮತ್ತೆ ಉಜ್ಜಿ ನುಣುಪುಗೊಳಿಸುವುದು ಇದರ ಕ್ರಮ. ಒಂದು ಕೋಣೆಯ ಕೆಲಸವನ್ನು ನಡುವೆ ನಿಲ್ಲಿಸದೆ ಒಂದೇ ದಿನದಲ್ಲಿ ಮುಗಿಸಬೇಕು. ಇಲ್ಲವಾದರೆ ಕೂಡಿಸಿದ ಗೆರೆ ಎದ್ದು ಕಾಣುತ್ತದೆ. ಬಳಿಕ ಹಲವು ದಿನ ನೀರು ನಿಲ್ಲಿಸಿ ಹದಗೊಳಿಸಬೇಕು. ಚೆನ್ನಾಗಿ ಮಾಡಿದ ಗಾರೆ ನೆಲ ವರ್ಷಗಳು ಕಳೆದಂತೆ, ಒರೆಸಿದಷ್ಟೂ ಹೊಳಪು ಪಡೆಯುತ್ತದೆ. ಆದರೆ ಅದರ ಗುಣ ಪೂರ್ತಿಯಾಗಿ ಗಾರೆ ಕೆಲಸದವರ ಕೈಚಳಕವನ್ನು ಅವಲಂಬಿಸಿದೆ. ಬಿರುಕು ಬಿಟ್ಟರೆ ಅದೇ ಬಣ್ಣ ಬರುವಂತೆ ತೇಪೆ ಹಾಕುವುದು ಕಷ್ಟ. ಆಮೇಲೆ ಬಂದ ಮೊಸಾಯಿಕ್, ತದನಂತರದ ವಿಟ್ರಿಫೈಡ್ ಟೈಲುಗಳು ಕೆಲಸವನ್ನು ಬೇಗ ಮುಗಿಸಲು ಅನುಕೂಲವಾದುದರಿಂದ ಗಾರೆ ನೆಲ ಹಿಂದೆ ಸರಿಯಿತು.

ಮೆತ್ತನೆಯ ಹಾಸು ಕರ್ನಾಟಕಕ್ಕೆ ಅಪರಿಚಿತವಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ಮನೆಯ ಮಗ್ಗಗಳಲ್ಲಿ ನೇಯುವ ಹತ್ತಿಯ ಜಮಖಾನಗಳು ತಮ್ಮ ಗಾಢ ಬಣ್ಣ ಹಾಗೂ ಜ್ಯಾಮಿತೀಯ ವಿನ್ಯಾಸಗಳಿಗೆ ಪ್ರಸಿದ್ಧವಾಗಿದ್ದು ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದಿವೆ. ಕುರುಬ ಸಮುದಾಯದವರು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕಂಬಳಿಗಳಿಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹೆಸರಾದ ಮಾರುಕಟ್ಟೆ. ಇವೆಲ್ಲವೂ ಬಿಡಿ ಹಾಸುಗಳು. ನೆಂಟರು ಬಂದಾಗ, ಮದುವೆ ಮುಂಜಿಗಳಲ್ಲಿ, ಭಜನೆ ಹಾಗೂ ಸಭೆಗಳಲ್ಲಿ ಹಾಸಿ, ಕೆಲಸ ಮುಗಿದ ಮೇಲೆ ಮಡಿಸಿಡುವುದು ಪದ್ಧತಿ. ಕೆಳಗೆ ಗಟ್ಟಿ ನೆಲ, ಅದರ ಮೇಲೆ ಬೇಕಾದಾಗ ಮಾತ್ರ ಮೆತ್ತನೆಯ ಹಾಸು ಎಂಬ ಈ ವ್ಯವಸ್ಥೆ ನಾಡಿನ ಜೀವನಕ್ರಮಕ್ಕೆ ಹೊಂದಿಕೊಂಡದ್ದು. ನೆಲದ ಮೇಲೆ ಎಲೆ ಹಾಕಿ ಊಟ ಮಾಡುವುದು, ಉಂಡ ಸ್ಥಳವನ್ನು ಒಡನೆಯೇ ಒರೆಸುವುದು, ಒಗ್ಗರಣೆಯ ಎಣ್ಣೆ ಸಿಡಿಯುವ ಅಡುಗೆ, ದಿನವೂ ನೆಲಕ್ಕೆ ನೀರು ಮುಟ್ಟಿಸುವ ಅಭ್ಯಾಸ ಇವು ಯಾವುವೂ ಕಾಯಂ ಕಾರ್ಪೆಟ್ಟಿಗೆ ಒಗ್ಗುವುದಿಲ್ಲ. ಚಪ್ಪಲಿಯನ್ನು ಹೊಸಲಿನ ಹೊರಗೆ ಬಿಡುವ ರೂಢಿಯೂ ನೆಲವನ್ನು ಬರಿಗಾಲಿಗೆ ಯೋಗ್ಯವಾಗಿ ಇಡುತ್ತದೆ. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಕಾರ್ಪೆಟ್ ಹಾಸಿದ ಮನೆಗಳಲ್ಲಿ ಎದುರಿಸುವ ಮೊದಲ ತೊಡಕುಗಳೂ ಇವೇ: ಅರಿಶಿನದ ಕಲೆ, ದೀಪದ ಎಣ್ಣೆ ಮತ್ತು ರಂಗೋಲಿಗೆ ಇಲ್ಲದ ಜಾಗ.

ಶೀತ ಮತ್ತು ಉಷ್ಣ

ಚಳಿಗಾಲದ ಮುಂಜಾನೆ ಒಂದೇ ಕೋಣೆಯಲ್ಲಿ ಒಂದು ಕಾಲನ್ನು ಗ್ರಾನೈಟಿನ ಮೇಲೂ ಇನ್ನೊಂದನ್ನು ಜಮಖಾನದ ಮೇಲೂ ಇಟ್ಟರೆ ಕಲ್ಲು ಹೆಚ್ಚು ತಣ್ಣಗಿದೆ ಎನಿಸುತ್ತದೆ. ವಾಸ್ತವವಾಗಿ ಎರಡರ ಉಷ್ಣತೆಯೂ ಒಂದೇ ಆಗಿರುತ್ತದೆ. ಕಲ್ಲು ಉತ್ತಮ ಉಷ್ಣವಾಹಕವಾದುದರಿಂದ ಪಾದದ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ. ಜಮಖಾನದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಸಾಗಲು ಬಿಡುವುದಿಲ್ಲ. ಗ್ರಾನೈಟಿನ ಉಷ್ಣವಾಹಕತೆ ಮರದ ಉಷ್ಣವಾಹಕತೆಗಿಂತ ಹತ್ತು ಪಟ್ಟಿಗೂ ಮಿಗಿಲು; ಉಣ್ಣೆಯ ಹಾಸಿನದು ಮರಕ್ಕಿಂತಲೂ ಕಡಿಮೆ.

ಬ್ರಿಟನ್ನಿನ ಹಳೆಯ ಮನೆಗಳಲ್ಲಿ ನೆಲಹಲಗೆಗಳ ಕೆಳಗೆ ಗಾಳಿಯಾಡುವ ಖಾಲಿ ಜಾಗವಿದ್ದು, ಹಲಗೆಗಳ ಸಂದಿನಿಂದ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಅಲ್ಲಿ ಕಾರ್ಪೆಟ್ ಮತ್ತು ಅದರ ಅಡಿಯ ಮೆತ್ತೆ ನಿಜವಾದ ರಕ್ಷಣೆ. ಬೇಸಗೆಯ ಬಿಸಿಲು ನಲವತ್ತು ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದೇ ಗುಣ ಅನನುಕೂಲವಾಗುತ್ತದೆ. ಅಲ್ಲಿ ಮಧ್ಯಾಹ್ನ ಕಲ್ಲಿನ ನೆಲದ ಮೇಲೆ ಮಲಗುವುದೇ ಹಿತ. ನೆಲದ ಕೆಳಗೆ ಬಿಸಿನೀರಿನ ಕೊಳವೆಗಳನ್ನು ಅಳವಡಿಸಿ ಮನೆಯನ್ನು ಬೆಚ್ಚಗಿಡುವ ಶೀತದೇಶಗಳ ಹೊಸ ಮನೆಗಳಲ್ಲಿ ಕಲ್ಲು ಅಥವಾ ಟೈಲು ಹೆಚ್ಚು ಸೂಕ್ತ, ಏಕೆಂದರೆ ದಪ್ಪ ಕಾರ್ಪೆಟ್ ಆ ಶಾಖವನ್ನೂ ತಡೆಯುತ್ತದೆ.

ಸದ್ದು

ಗಟ್ಟಿ ನೆಲದಲ್ಲಿ ಹೆಜ್ಜೆಯ ಸಪ್ಪಳ, ಕುರ್ಚಿ ಎಳೆಯುವ ಸದ್ದು, ಪಾತ್ರೆ ಬಿದ್ದ ಸದ್ದು ನೇರವಾಗಿ ಕಾಂಕ್ರೀಟಿಗೆ ತಾಗಿ ಕೆಳಗಿನ ಮನೆಗೆ ಇಳಿಯುತ್ತವೆ. ಕಾರ್ಪೆಟ್ ಈ ಬಡಿತವನ್ನು ಹುಟ್ಟುವಲ್ಲಿಯೇ ತಗ್ಗಿಸುತ್ತದೆ; ಜೊತೆಗೆ ಕೋಣೆಯೊಳಗಿನ ಮಾರ್ದನಿಯನ್ನೂ ಕಡಿಮೆ ಮಾಡುತ್ತದೆ. ನ್ಯೂಯಾರ್ಕ್ ನಗರದ ಅನೇಕ ವಸತಿ ಸಮುಚ್ಚಯಗಳು ಬಾಡಿಗೆಯ ಕರಾರಿನಲ್ಲಿಯೇ ನೆಲದ 80% ಭಾಗವನ್ನು ಹಾಸಿನಿಂದ ಮುಚ್ಚಬೇಕೆಂಬ ಷರತ್ತನ್ನು ಸೇರಿಸುವುದು ಈ ಕಾರಣದಿಂದಲೇ. ಬಹುಮಹಡಿ ಕಟ್ಟಡಗಳು ಹೆಚ್ಚುತ್ತಿರುವ ಭಾರತದ ನಗರಗಳಲ್ಲಿಯೂ ಮೇಲಿನ ಮನೆಯ ಸದ್ದು ನೆರೆಹೊರೆಯ ಜಗಳಕ್ಕೆ ಕಾರಣವಾಗುವುದುಂಟು. ಮಂಚ, ಮೇಜು, ಕುರ್ಚಿಗಳ ಕಾಲುಗಳಿಗೆ ರಬ್ಬರಿನ ಬಿಲ್ಲೆ ಹಾಕುವುದು ಹಾಗೂ ಮಕ್ಕಳು ಆಡುವ ಸ್ಥಳದಲ್ಲಿ ದಪ್ಪ ಜಮಖಾನ ಹಾಸುವುದು ಕಡಿಮೆ ಖರ್ಚಿನ ಪರಿಹಾರಗಳು.

ಧೂಳು, ಅಲರ್ಜಿ ಮತ್ತು ಉಬ್ಬಸ

ಕಾರ್ಪೆಟ್ಟಿನ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ ಆರೋಗ್ಯಕ್ಕೆ ಸಂಬಂಧಿಸಿದುದು. ಮನೆಯ ಧೂಳಿನಲ್ಲಿ ಬದುಕುವ ನುಸಿಗಳು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕವು. ಮನುಷ್ಯರ ಚರ್ಮದಿಂದ ಉದುರುವ ಹೊಟ್ಟು ಅವುಗಳ ಆಹಾರ. ಅವುಗಳ ಮಲದ ಕಣಗಳು ಅಲರ್ಜಿಯುಳ್ಳವರಲ್ಲಿ ಸೀನು, ಉಬ್ಬಸ ಮತ್ತು ತುರಿಕೆಯನ್ನು ಉಂಟುಮಾಡುತ್ತವೆ. ನುಸಿಗಳು ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಆದ್ದರಿಂದ ಗಾಳಿಯ ಸಾಪೇಕ್ಷ ಆರ್ದ್ರತೆ ಬಹುಕಾಲ 50%ಗಿಂತ ಕೆಳಗಿದ್ದರೆ ಅವು ಉಳಿಯಲಾರವು. ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನ ಆರ್ದ್ರತೆ ಇದಕ್ಕಿಂತ ಬಹಳ ಮೇಲಿರುವುದರಿಂದ ಅಲ್ಲಿ ಕಾಯಂ ಕಾರ್ಪೆಟ್ ನುಸಿಗಳಿಗೂ ಬೂಷ್ಟಿಗೂ ನೆಲೆಯಾಗುವ ಸಂಭವ ಹೆಚ್ಚು.

ಆದರೆ ಕಾರ್ಪೆಟ್ ತೆಗೆದ ಮಾತ್ರಕ್ಕೆ ಉಬ್ಬಸ ಗುಣವಾಗುತ್ತದೆ ಎಂದು ಭಾವಿಸುವುದು ಸರಿಯಲ್ಲ. ನುಸಿಗಳ ಮುಖ್ಯ ಆವಾಸ ನೆಲವಲ್ಲ, ಹಾಸಿಗೆ ಮತ್ತು ದಿಂಬು. ಒಂದೇ ಒಂದು ಕ್ರಮವನ್ನು ಕೈಗೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಹಲವು ಕ್ರಮಗಳನ್ನು ಒಟ್ಟಿಗೆ ಅನುಸರಿಸಬೇಕು ಎಂಬುದು ಅಮೆರಿಕದಲ್ಲಿ 2020ರಲ್ಲಿ ಪರಿಷ್ಕೃತವಾದ ಉಬ್ಬಸ ಚಿಕಿತ್ಸೆಯ ಮಾರ್ಗದರ್ಶಿಯ ಅಭಿಪ್ರಾಯ. ದಿಂಬು ಹಾಸಿಗೆಗಳಿಗೆ ಒತ್ತಾದ ಹೊದಿಕೆ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಕೋಣೆಗೆ ಗಾಳಿ ಬೆಳಕು ಇವು ನೆಲದಷ್ಟೇ ಮುಖ್ಯ.

ಗಟ್ಟಿ ನೆಲವೂ ತಾನಾಗಿಯೇ ಸ್ವಚ್ಛವಲ್ಲ. ಅದರ ಮೇಲಿನ ಧೂಳು ಹಿಡಿದು ನಿಲ್ಲುವ ಆಸರೆಯಿಲ್ಲದೆ ಗಾಳಿ ಬೀಸಿದೊಡನೆ ಮೇಲೇಳುತ್ತದೆ. ಒಣ ಪೊರಕೆಯಿಂದ ಗುಡಿಸುವಾಗ ಧೂಳಿನ ಒಂದು ಪಾಲು ನೆಲದಿಂದ ಮೂಗಿಗೆ ವರ್ಗವಾಗುತ್ತದೆ. ಕಾರ್ಪೆಟ್ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಡೆದಾಡಿದಾಗ ಅದರಿಂದಲೂ ಕಣಗಳು ಏಳುತ್ತವೆ. ಗಟ್ಟಿ ನೆಲದ ಅನುಕೂಲವೆಂದರೆ ಒದ್ದೆ ಬಟ್ಟೆಯಿಂದ ಧೂಳನ್ನು ಪೂರ್ತಿಯಾಗಿ ತೆಗೆಯಬಹುದು. ಆದಕಾರಣ ಮನೆಯಲ್ಲಿ ಉಬ್ಬಸದವರಿದ್ದರೆ ಗಟ್ಟಿ ನೆಲ, ಒದ್ದೆ ಒರೆಸುವಿಕೆ ಹಾಗೂ ತೊಳೆಯಬಹುದಾದ ಬಿಡಿ ಹಾಸು ಇವು ಮೂರೂ ಜೊತೆಯಾಗಿರುವುದು ಒಳ್ಳೆಯದು. ಕಾರ್ಪೆಟ್ ಇರುವ ಕಡೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97% ಅನ್ನು ತಡೆಯಬಲ್ಲ ಹೆಪಾ ಶೋಧಕವುಳ್ಳ ಯಂತ್ರವನ್ನು ಬಳಸುವುದು ಉಚಿತ.

ರಾಸಾಯನಿಕಗಳು

ಹೊಸ ಕಾರ್ಪೆಟ್ಟಿನಿಂದ ಬರುವ ವಾಸನೆಗೆ ಕಾರಣ ಅದರ ತಳಕ್ಕೆ ಲೇಪಿಸುವ ಕೃತಕ ರಬ್ಬರಿನಿಂದ ಹೊರಸೂಸುವ ಅನಿಲಗಳು. 1987–88ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯ ಕಚೇರಿಯಲ್ಲಿಯೇ ಹೊಸ ಕಾರ್ಪೆಟ್ ಹಾಸಿದ ನಂತರ ಸಿಬ್ಬಂದಿ ಅಸ್ವಸ್ಥತೆಯ ದೂರು ನೀಡಿದ್ದು ಈ ವಿಷಯದತ್ತ ಜನರ ಗಮನ ಸೆಳೆಯಿತು. 1992ರಲ್ಲಿ ಅಲ್ಲಿಯ ಕಾರ್ಪೆಟ್ ಉದ್ಯಮವು ಕಡಿಮೆ ಅನಿಲ ಸೂಸುವ ಹಾಸುಗಳನ್ನು ಗುರುತಿಸುವ ಹಸಿರು ಮುದ್ರೆಯ ವ್ಯವಸ್ಥೆಯನ್ನು ಜಾರಿಗೆ ತಂದಿತು. ಕಲೆ ಹಿಡಿಯದಂತೆ ಕಾರ್ಪೆಟ್ಟುಗಳಿಗೆ ಸವರುತ್ತಿದ್ದ ಫ್ಲೋರಿನ್ ಸಂಯುಕ್ತಗಳು ನಿಸರ್ಗದಲ್ಲಿ ಬೇಗನೆ ಕರಗುವುದಿಲ್ಲ. ಡಾಲ್ಟನ್ ಸುತ್ತಲಿನ ನದಿಗಳು ಅವುಗಳಿಂದ ಕಲುಷಿತವಾಗಿವೆ.

ಗಟ್ಟಿ ನೆಲಹಾಸುಗಳೂ ಈ ದೋಷದಿಂದ ಮುಕ್ತವಲ್ಲ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡುವ ಲ್ಯಾಮಿನೇಟ್ ಹಲಗೆಗಳು ಫಾರ್ಮಾಲ್ಡಿಹೈಡನ್ನು ಸೂಸಬಲ್ಲವು. ಅಮೆರಿಕದ ಹಳೆಯ ಮನೆಗಳ ವಿನೈಲ್ ಬಿಲ್ಲೆಗಳಲ್ಲಿ ಕಲ್ನಾರು ಇರುವುದುಂಟು. ಹಳೆಯ ಕಾರ್ಪೆಟ್ ಕಿತ್ತಾಗ ಅಡಿಯಲ್ಲಿ ಅಂತಹ ಬಿಲ್ಲೆಗಳು ಕಂಡುಬಂದರೆ ಒಡೆಯದೆ, ಉಜ್ಜದೆ ಪರಿಣತರಿಂದ ಪರೀಕ್ಷೆ ಮಾಡಿಸಬೇಕು. ಕಲ್ಲು, ಗಾರೆ, ಸುಟ್ಟ ಬಿಲ್ಲೆಗಳಲ್ಲಿ ಅನಿಲಸೂಸುವಿಕೆಯ ಸಮಸ್ಯೆ ಇಲ್ಲವೆಂದೇ ಹೇಳಬಹುದು.

ಜಾರುವಿಕೆ ಮತ್ತು ಬೀಳುವಿಕೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅನುದ್ದೇಶಿತ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತಗಳ ನಂತರದ ಸ್ಥಾನ ಇದರದು. ಸಾಯುವವರಲ್ಲಿ ಅರವತ್ತು ದಾಟಿದವರ ಪ್ರಮಾಣ ಹೆಚ್ಚು. ವೃದ್ಧಾಪ್ಯದಲ್ಲಿ ಸೊಂಟದ ಬಳಿ ತೊಡೆಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಅನೇಕರಿಗೆ ಆಗುವುದೇ ಇಲ್ಲ. ಆದ್ದರಿಂದ ನೆಲಹಾಸಿನ ಚರ್ಚೆಯಲ್ಲಿ ಇದು ಅತ್ಯಂತ ಗಂಭೀರವಾದ ಅಂಶ.

ಹೊಳಪು ಕೊಟ್ಟ ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲುಗಳು ಒಣಗಿರುವಾಗ ಸುರಕ್ಷಿತವೆನಿಸಿದರೂ ನೀರು, ಸಾಬೂನು, ಎಣ್ಣೆ ಅಥವಾ ಪುಡಿ ಬಿದ್ದಾಗ ಅಪಾಯಕಾರಿಯಾಗುತ್ತವೆ. ಪಾದಕ್ಕೂ ಟೈಲಿಗೂ ನಡುವೆ ನೀರಿನ ತೆಳುಪದರ ನಿಂತು, ಎರಡೂ ಒಂದನ್ನೊಂದು ಮುಟ್ಟದಿರುವುದೇ ಜಾರುವಿಕೆಗೆ ಕಾರಣ. ಮೇಲ್ಮೈ ಒರಟಾಗಿದ್ದರೆ ಅದರ ಏರುಗಳು ಈ ಪದರವನ್ನು ಭೇದಿಸಿ ಪಾದಕ್ಕೆ ಹಿಡಿತ ಕೊಡುತ್ತವೆ. ಜಾರುವಿಕೆಯನ್ನು ಅಳೆಯಲು ಹಲವು ಮಾನದಂಡಗಳಿವೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಲೋಲಕ ಪರೀಕ್ಷೆಯಲ್ಲಿ 36 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಬಂದ ನೆಲವನ್ನು ಕಡಿಮೆ ಅಪಾಯದ್ದೆಂದು ಪರಿಗಣಿಸಲಾಗುತ್ತದೆ. ಜರ್ಮನ್ ಪದ್ಧತಿಯಲ್ಲಿ ಪಾದರಕ್ಷೆ ಧರಿಸಿ ನಡೆಯುವ ನೆಲಗಳಿಗೆ ಆರ್9ರಿಂದ ಆರ್13ರವರೆಗೆ ಶ್ರೇಣಿಗಳಿವೆ. ಬರಿಗಾಲಿನಲ್ಲಿ ನಡೆಯುವ ಒದ್ದೆ ನೆಲಗಳಿಗೆ ಎ, ಬಿ, ಸಿ ಎಂಬ ಪ್ರತ್ಯೇಕ ಶ್ರೇಣಿಗಳಿವೆ. ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವ ಭಾರತೀಯರು ಬಚ್ಚಲುಮನೆಗೆ ಟೈಲು ಕೊಳ್ಳುವಾಗ ಎರಡನೆಯ ಶ್ರೇಣಿಯನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ. ಇದರಲ್ಲಿ ಸಿ ಎಂಬುದು ಅತಿ ಹೆಚ್ಚು ಹಿಡಿತವುಳ್ಳದ್ದು.

ಕಾರ್ಪೆಟ್ ಮೇಲೆ ಜಾರುವ ಭಯ ಕಡಿಮೆ. ಬಿದ್ದಾಗ ಆಗುವ ಪೆಟ್ಟೂ ಕಡಿಮೆಯಿರಬಹುದು. ಇಂಗ್ಲೆಂಡಿನ ವೃದ್ಧಾಶ್ರಮಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರದ ನೆಲದ ಮೇಲೆ ಕಾರ್ಪೆಟ್ ಹಾಸಿದ್ದ ಕಡೆ ಬಿದ್ದವರಲ್ಲಿ ಸೊಂಟದ ಮೂಳೆ ಮುರಿತ ಅತ್ಯಂತ ಕಡಿಮೆಯಾಗಿತ್ತು. ಆದರೆ ಕೆನಡಾದ ವೃದ್ಧಾಶ್ರಮವೊಂದರಲ್ಲಿ ವಿನೈಲ್ ನೆಲದ ಅಡಿಗೆ ಪೆಟ್ಟನ್ನು ಹೀರುವ ಪದರವನ್ನು ಅಳವಡಿಸಿ ನಾಲ್ಕು ವರ್ಷ ನಡೆಸಿದ ಪ್ರಯೋಗದಲ್ಲಿ ಗಂಭೀರ ಗಾಯಗಳು ಕಡಿಮೆಯಾಗಲಿಲ್ಲವೆಂದು 2019ರಲ್ಲಿ ವರದಿಯಾಯಿತು. ಹಾಗಾಗಿ ಮೆತ್ತನೆಯ ನೆಲವೊಂದರಿಂದಲೇ ಅಪಾಯ ತಪ್ಪುತ್ತದೆಂದು ಹೇಳುವಂತಿಲ್ಲ. ಇದಲ್ಲದೆ ಗಟ್ಟಿ ನೆಲದ ಮೇಲೆ ಸಡಿಲವಾಗಿ ಹಾಸಿದ ಸಣ್ಣ ಹಾಸು ಎರಡಕ್ಕಿಂತಲೂ ಕೆಟ್ಟದ್ದು. ಅದರ ಅಂಚು ಕಾಲಿಗೆ ತೊಡರುತ್ತದೆ. ಹಾಸೇ ಜಾರಿ ಮನುಷ್ಯನನ್ನು ಬೀಳಿಸುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಬಾಗಿಲ ಬಳಿಯ ಕಾಲೊರಸು, ಮಂಚದ ಪಕ್ಕದ ಸಣ್ಣ ಹಾಸು ಇವುಗಳನ್ನು ತೆಗೆದುಬಿಡುವುದು, ಇಲ್ಲವೇ ಅಡಿಗೆ ರಬ್ಬರಿನ ಜಾಲರಿ ಹಾಕಿ ಭದ್ರಪಡಿಸುವುದು ಅವಶ್ಯಕ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ರಾತ್ರಿ ದೀಪ, ಬಚ್ಚಲಿನ ಗೋಡೆಗೆ ಹಿಡಿಕೆ, ನೆಲ ಒರೆಸಿದ ಮೇಲೆ ಒಣಗುವವರೆಗೆ ಕಾಯುವುದು ಇವು ನೆಲಹಾಸನ್ನು ಬದಲಿಸದೆಯೇ ಕೈಗೊಳ್ಳಬಹುದಾದ ಎಚ್ಚರಿಕೆಗಳು.

ನಿರ್ವಹಣೆ ಮತ್ತು ಬಾಳಿಕೆ

ಕಾಯಂ ಕಾರ್ಪೆಟ್ಟಿನ ಆರಂಭದ ವೆಚ್ಚ ಕಲ್ಲು ಅಥವಾ ಮರಕ್ಕಿಂತ ಕಡಿಮೆಯಾದರೂ ಅದರ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸು. ಸರಿಯಾಗಿ ಹಾಸಿದ ಕಲ್ಲು ಕಟ್ಟಡದಷ್ಟೇ ಕಾಲ ಬಾಳುತ್ತದೆ. ಉಣ್ಣೆಯ ಹಾಸಿಗೆ ನುಸಿಹುಳುವಿನ ಭಯವಿದೆ. ಆದರೆ ಉಣ್ಣೆ ಸುಲಭವಾಗಿ ಹೊತ್ತಿ ಉರಿಯುವುದಿಲ್ಲ, ಕೃತಕ ಎಳೆಗಳಾದರೋ ಬೆಂಕಿಗೆ ಕರಗುತ್ತವೆ. ನೀರು ನುಗ್ಗಿದ ಮನೆಯಲ್ಲಿ ಕಾರ್ಪೆಟ್ಟನ್ನು ಒಂದೆರಡು ದಿನಗಳಲ್ಲಿ ಪೂರ್ತಿ ಒಣಗಿಸಲಾಗದಿದ್ದರೆ ಬೂಷ್ಟು ಹಿಡಿಯುವುದು ಬಹುತೇಕ ಖಚಿತ.

ಗಟ್ಟಿ ನೆಲಗಳಲ್ಲಿ ಒಂದೊಂದರ ಸ್ವಭಾವ ಒಂದೊಂದು ಬಗೆ. ಅಮೃತಶಿಲೆ, ಶಹಾಬಾದ್ ಕಲ್ಲು, ಕಡಪ ಕಲ್ಲುಗಳಲ್ಲಿ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆ ಹುಳಿ, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ ಬಿದ್ದರೆ ಅವುಗಳ ಹೊಳಪು ಅಳಿದು ಬಿಳಿಯ ಕಲೆ ಉಳಿಯುತ್ತದೆ. ಗ್ರಾನೈಟಿಗೆ ಈ ಅಡುಗೆಮನೆಯ ಹುಳಿಗಳ ಭಯವಿಲ್ಲ. ಮರದ ನೆಲಕ್ಕೆ ನಿಂತ ನೀರೂ ಗೆದ್ದಲೂ ಶತ್ರುಗಳು. ಟೈಲುಗಳು ಗಟ್ಟಿಯಾದರೂ ಅವುಗಳ ನಡುವಿನ ಸಂದುಗಳಲ್ಲಿ ಕೊಳೆ ಕೂರುತ್ತದೆ. ಅಡಿಯಲ್ಲಿ ಪೊಳ್ಳು ಉಳಿದಿದ್ದರೆ ಭಾರ ಬಿದ್ದಾಗ ಸೀಳುತ್ತವೆ.

ಕಾರ್ಮಿಕರು ಮತ್ತು ಪರಿಸರ

ನೆಲಹಾಸಿನ ನಿಜವಾದ ಬೆಲೆಯಲ್ಲಿ ಅದನ್ನು ತಯಾರಿಸುವವರ ಪಾಲೂ ಸೇರಿದೆ. ದಕ್ಷಿಣ ಏಷ್ಯಾದ ರತ್ನಗಂಬಳಿ ಮಗ್ಗಗಳಲ್ಲಿ ಮಕ್ಕಳನ್ನು ದುಡಿಸುತ್ತಿದ್ದುದರ ವಿರುದ್ಧ ಕೈಲಾಶ್ ಸತ್ಯಾರ್ಥಿ ಹೋರಾಟ ನಡೆಸಿದರು. ಬಾಲಕಾರ್ಮಿಕರಿಲ್ಲದೆ ನೇಯ್ದ ಹಾಸುಗಳನ್ನು ಗುರುತಿಸುವ ರಗ್‌ಮಾರ್ಕ್ ಮುದ್ರೆ 1994ರಲ್ಲಿ ಆರಂಭವಾಯಿತು. ಈಗ ಅದು ಗುಡ್‌ವೀವ್ ಎಂಬ ಹೆಸರಿನಲ್ಲಿದೆ. ಸತ್ಯಾರ್ಥಿಯವರಿಗೆ 2014ರ ನೊಬೆಲ್ ಶಾಂತಿ ಪ್ರಶಸ್ತಿ ಮಲಾಲಾ ಯೂಸುಫ್‌ಜೈ ಅವರೊಂದಿಗೆ ದೊರೆಯಿತು.

ಕಲ್ಲಿನ ಕೆಲಸದಲ್ಲಿ ಬೇರೊಂದು ಅಪಾಯವಿದೆ. ಗ್ರಾನೈಟ್ ಮತ್ತು ಬಿಲ್ಲೆಗಳನ್ನು ಒಣದಾಗಿ ಕೊಯ್ಯುವಾಗ, ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಗಳಲ್ಲಿ ನೆಲೆಸಿ, ಗುಣಪಡಿಸಲಾಗದ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಸಿಲಿಕಾ ಅಂಶ ಅತ್ಯಧಿಕವಾಗಿರುವ ಕೃತಕ ಕಲ್ಲಿನ ಹಲಗೆಗಳನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದುದು ಈ ಕಾರಣಕ್ಕಾಗಿ. ಮನೆಯ ಕೆಲಸ ನಡೆಯುವಾಗ ಕೊಯ್ಯುವ ಯಂತ್ರಕ್ಕೆ ನೀರು ಹಾಯಿಸುವಂತೆಯೂ ಕೆಲಸಗಾರರು ಸೂಕ್ತ ಮುಖಗವಸು ಧರಿಸುವಂತೆಯೂ ನೋಡಿಕೊಳ್ಳುವುದು ಮನೆಕಟ್ಟಿಸುವವರ ಹೊಣೆಯೂ ಹೌದು. ಪರಿಸರದ ದೃಷ್ಟಿಯಿಂದ ನೋಡಿದರೆ ಕೃತಕ ಕಾರ್ಪೆಟ್ಟಿನಲ್ಲಿ ಎಳೆ, ಅಂಟು, ತಳಬಟ್ಟೆಗಳು ಬೇರ್ಪಡಿಸಲಾಗದಂತೆ ಕೂಡಿಕೊಂಡಿರುವುದರಿಂದ ಮರುಬಳಕೆ ಕಷ್ಟ. ಹೆಚ್ಚಿನದು ಕಸದ ಗುಂಡಿ ಸೇರುತ್ತದೆ. ಟೈಲುಗಳನ್ನು ಸುಡಲು ಅಪಾರ ಇಂಧನ ಬೇಕು, ಕಲ್ಲುಗಣಿಗಾರಿಕೆ ಬೆಟ್ಟಗಳನ್ನು ಕರಗಿಸುತ್ತದೆ. ದೀರ್ಘಕಾಲ ಬಾಳುವ ನೆಲವನ್ನು ಕಿತ್ತು ಹಾಕದೆ ಉಳಿಸಿಕೊಳ್ಳುವುದು ಪರಿಸರಕ್ಕೆ ಕಡಿಮೆ ಹೊರೆ.

ಆಯ್ಕೆಯ ಕ್ರಮ

ನೆಲಹಾಸನ್ನು ಇಡೀ ಮನೆಗೆ ಒಂದೇ ಎಂದು ನಿರ್ಧರಿಸುವ ಬದಲು ಕೋಣೆಯಿಂದ ಕೋಣೆಗೆ ಯೋಚಿಸುವುದು ಸಮಂಜಸ. ಅಡುಗೆಮನೆ, ಬಚ್ಚಲು, ದೇವರಮನೆ, ಹೊರಬಾಗಿಲ ಪ್ರದೇಶಗಳಿಗೆ ನೀರಿಗೆ ಅಂಜದ, ಒದ್ದೆಯಾದಾಗಲೂ ಹಿಡಿತವಿರುವ ಗಟ್ಟಿ ನೆಲವೇ ಬೇಕು. ಮಲಗುವ ಮತ್ತು ಓದುವ ಕೋಣೆಗಳಲ್ಲಿ, ಶೀತಪ್ರದೇಶವಾದರೆ ಕಾರ್ಪೆಟ್, ಉಷ್ಣಪ್ರದೇಶವಾದರೆ ಗಟ್ಟಿ ನೆಲದ ಮೇಲೆ ಜಾರದಂತೆ ಭದ್ರಪಡಿಸಿದ, ತೊಳೆಯಬಹುದಾದ ಹಾಸು ಹಿತಕರ. ಮನೆಯಲ್ಲಿ ವೃದ್ಧರಿದ್ದರೆ ಹೊಳಪಿಗಿಂತ ಹಿಡಿತಕ್ಕೂ, ಉಬ್ಬಸವುಳ್ಳವರಿದ್ದರೆ ಮೆತ್ತನೆಗಿಂತ ಶುಚಿತ್ವಕ್ಕೂ, ಕೆಳಗಿನ ಅಂತಸ್ತಿನಲ್ಲಿ ನೆರೆಯವರಿದ್ದರೆ ಸದ್ದಿನ ನಿಯಂತ್ರಣಕ್ಕೂ ಆದ್ಯತೆ ಸಲ್ಲಬೇಕು. ಅಂಗಡಿಯಲ್ಲಿ ಟೈಲನ್ನು ಒಣಗಿದ ಸ್ಥಿತಿಯಲ್ಲಿ ಮಾತ್ರ ನೋಡದೆ, ಅದರ ಮೇಲೆ ನೀರು ಚಿಮುಕಿಸಿ, ಆಸರೆ ಹಿಡಿದು ಬರಿಗಾಲಿಟ್ಟು ಪರೀಕ್ಷಿಸುವುದು ಖರ್ಚಿಲ್ಲದ, ಆದರೆ ಬಹಳ ಉಪಯೋಗವಾಗುವ ವಿಧಾನ.